‘ಬೇಡ’ ಎನ್ನಲು ಬಂದ ಮೇಲಿನ ಸ್ತೋತ್ರ: ದಾವಣಗೆರೆಯ ಒಂದು ಕುಟುಂಬದ ಪ್ರಕರಣ ಅಧ್ಯಯನ

ನಮ್ಮ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಇಬ್ಬರು ಎದುರಾದಾಗ ನಮಸ್ಕಾರದ ಜಾಗದಲ್ಲಿ ಆಡುವ ಮಾತು ‘ಸ್ತೋತ್ರ’. ಸಂತೆಯಲ್ಲಿ ಕಂಡರೂ ಸ್ತೋತ್ರ, ಫೋನು ಎತ್ತಿದರೂ ಸ್ತೋತ್ರ, ಪ್ರಾರ್ಥನೆ ಮುಗಿಸಿ ಚಪ್ಪಲಿ ಮೆಟ್ಟುವಾಗಲೂ ಸ್ತೋತ್ರ. ದಿನಕ್ಕೆ ಇಷ್ಟು ಸಲ ಬಾಯಿಗೆ ಬಂದುಹೋಗುವ ಮಾತು ನಿಜವಾಗಿ ದೇವರಿಗೆ ಸಲ್ಲುವ ಸ್ತುತಿಯಾಗುವುದು ಯಾವಾಗ ಎಂಬ ಪ್ರಶ್ನೆಯನ್ನು, ಸಭಾಪಾಲಕನಾಗಿ ಅನೇಕ ವರ್ಷ ಕಳೆದ ಮೇಲೂ, ನಾನು ಕೇಳಿಕೊಂಡಿರಲಿಲ್ಲ. ಅದನ್ನು ನನ್ನ ಮುಂದೆ ತಂದು ನಿಲ್ಲಿಸಿದ್ದು ದಾವಣಗೆರೆಯ ಒಂದು ಕುಟುಂಬ. ಆ ದಂಪತಿಗಳ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿ, ಅವರ ಮನೆಯಲ್ಲಿ ನಡೆದದ್ದನ್ನೂ ಅದರಲ್ಲಿ ನಾನು ಮಾಡಿದ ತಪ್ಪನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ರೋಗಿಗಳ ಮನೆಗೆ ಪ್ರಾರ್ಥನೆಗೆಂದು ಹೋಗುವವರು, ಮುಖ್ಯವಾಗಿ ನನ್ನಂಥ ಸೇವಕರು, ಇದನ್ನು ಓದಬೇಕೆಂಬುದು ನನ್ನ ಆಸೆ.

ಕುಟುಂಬ, ಮತ್ತು ಆ ಬೆಳಗಿನ ಜಾವ

ಪತಿಗೆ ಆಗ 47 ವರ್ಷ. ಹಳೇ ಪಿ.ಬಿ. ರಸ್ತೆಯ ಬದಿಯ ಬಾಡಿಗೆ ಮಳಿಗೆಯೊಂದರಲ್ಲಿ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ಒಂದು ವೆಲ್ಡಿಂಗ್ ಸೆಟ್ ಇಟ್ಟುಕೊಂಡು, ಮೆಕ್ಕೆಜೋಳ ಬಿಡಿಸುವ ಯಂತ್ರಗಳ ಶಾಫ್ಟು, ಬುಷ್ಷುಗಳನ್ನು ಕಡೆದುಕೊಡುತ್ತಿದ್ದರು. ಅವರ ತಂದೆ ಹತ್ತಿ ಗಿರಣಿಯ ಕಾರ್ಮಿಕರಾಗಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಂತೆ ಮಾಡಿದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ಕೆಲಸ ಹೋಗಿತ್ತು. ಆದ್ದರಿಂದ ದುಡಿಮೆ ಇದ್ದಕ್ಕಿದ್ದಂತೆ ಕೈತಪ್ಪುವುದೆಂದರೇನೆಂದು ಈ ಮನೆಯವರು ಒಂದು ತಲೆಮಾರಿನ ಹಿಂದೆಯೇ ಕಂಡಿದ್ದರು. ಪತ್ನಿಗೆ 41 ವರ್ಷ. ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಸ್ವಲ್ಪ ಗಳಿಸುತ್ತಿದ್ದರು. ಮಗಳು ದ್ವಿತೀಯ ಪಿಯುಸಿ, ಮಗ ಎಂಟನೆಯ ತರಗತಿ.

ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವರು ಪತಿಯೇ. ಹಾರ್ಮೋನಿಯಂ ಮುಂದೆ ಕೂತು, ಎಡಗೈಯಲ್ಲಿ ತಿದಿ ಒತ್ತುತ್ತ ಬಲಗೈಯಲ್ಲಿ ಸ್ವರದ ಮನೆಗಳ ಮೇಲೆ ಬೆರಳಾಡಿಸುತ್ತ, ಇಡೀ ಸಭೆಯನ್ನು ಒಂದೇ ಶ್ರುತಿಗೆ ತರುವ ಶಕ್ತಿ ಅವರಿಗಿತ್ತು. ಭಾನುವಾರ ಶಾಲೆಯ ಮಕ್ಕಳಿಗೆ ಹಳೆಯ ಕೀರ್ತನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದೂ ಇವರೇ. ಪುಸ್ತಕ ನೋಡಿ ಹಾಡಬಾರದು, ಕರೆಂಟ್ ಹೋದ ದಿನ ಹಾಡಲು ಬರಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದರು. ಆ ಮಾತಿಗೆ ಮುಂದೆ ಎಂಥ ಭಾರ ಬರಲಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮುಂಗಾರಿನ ಒಂದು ಬೆಳಗಿನ ಜಾವ, ಐದು ಗಂಟೆಯ ಸುಮಾರಿಗೆ, ಹಾಸಿಗೆಯ ಪಕ್ಕದ ಚೊಂಬು ಉರುಳಿದ ಸದ್ದಿಗೆ ಪತ್ನಿ ಎದ್ದರು. ಪತಿಯ ಬಲಗೈ, ಬಲಗಾಲು ಜೋತುಬಿದ್ದಿದ್ದವು, ಬಾಯಿ ಒಂದು ಕಡೆಗೆ ವಾಲಿತ್ತು, ಕಣ್ಣು ತೆರೆದಿತ್ತು, ಮಾತು ಇರಲಿಲ್ಲ. ಲಕ್ವ ಹೊಡೆದಿದೆ, ಹಳ್ಳಿಯೊಂದರಲ್ಲಿ ಮದ್ದು ಹಾಕುವವರಿದ್ದಾರೆ, ಅಲ್ಲಿಗೇ ಕರೆದೊಯ್ಯಿರಿ ಎಂದು ಓಣಿಯ ಒಂದಿಬ್ಬರು ಒತ್ತಾಯಿಸಿದರೂ, ಆಕೆ ಯಾರ ಮಾತನ್ನೂ ಕೇಳದೆ ಆಟೋ ಕರೆಸಿ ಸೀದಾ ಆಸ್ಪತ್ರೆಗೆ ಹೋದರು. ಸಿ.ಟಿ. ಸ್ಕ್ಯಾನಿನಲ್ಲಿ ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡಿರುವುದು ತಿಳಿಯಿತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ಅವರು ಮಲಗಿದ್ದು ರಾತ್ರಿ ಹತ್ತಕ್ಕೆ, ನಿದ್ದೆಯಲ್ಲಿ ಅದು ಎಷ್ಟು ಹೊತ್ತಿಗೆ ಆಯಿತೆಂದು ಹೇಳಬಲ್ಲವರು ಯಾರೂ ಇರಲಿಲ್ಲ, ಹಾಗಾಗಿ ಆ ಮದ್ದನ್ನು ಕೊಡಲಾಗಲಿಲ್ಲ. ವಿಷಯ ಸ್ವಲ್ಪ ಆಚೆಯದಾದರೂ ಇಲ್ಲೊಂದು ಮಾತು ಹೇಳಲೇಬೇಕು. ಮುಖ ವಾಲಿದರೆ, ತೋಳು ಜಾರಿದರೆ, ಮಾತು ತೊದಲಿದರೆ ನಾಟಿ ಮದ್ದಿಗೂ ಕಾಯಬಾರದು, ನನ್ನಂಥವನು ಬಂದು ಪ್ರಾರ್ಥಿಸಲಿ ಎಂದೂ ಕಾಯಬಾರದು. ಪ್ರಾರ್ಥನೆಯನ್ನು ಆಂಬುಲೆನ್ಸಿನಲ್ಲಿ ಕೂತೂ ಮಾಡಬಹುದು.

ಅದಾದ ಮೇಲಿನ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅವು ಅಷ್ಟೇ ಬೇಗ ಆಗಿಹೋದವು. ಮಳಿಗೆಗೆ ಬೀಗ ಬಿತ್ತು. ಮುಂಗಡ ಕೊಟ್ಟವರು ಹಣ ವಾಪಸು ಕೇಳಿದರು. ಮೂರು ತಿಂಗಳಲ್ಲಿ ಲೇತ್ ಮಾರಾಟವಾಯಿತು. ವಿನೋಬನಗರದ ಮನೆಯನ್ನು ಬಿಟ್ಟು ನಿಟುವಳ್ಳಿಯ ಒಂದು ಕೋಣೆ, ಒಂದು ಅಡುಗೆಮನೆಗೆ ಸಂಸಾರ ಬಂತು. ನರ್ಸಿಂಗ್ ಓದಲು ಬೇರೆ ಊರಿಗೆ ಹೋಗಬೇಕೆಂದಿದ್ದ ಮಗಳು ಊರಲ್ಲೇ ಡಿಗ್ರಿಗೆ ಸೇರಿದಳು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆಯ ದೊಡ್ಡ ಖರ್ಚು ತಪ್ಪಿತು. ಬದುಕಿನ ಖರ್ಚನ್ನು ತಪ್ಪಿಸುವ ಯೋಜನೆ ಯಾವುದೂ ಇರಲಿಲ್ಲ.

ಒಂದೇ ಮಾತು

ನನ್ನ ತಪ್ಪು ನಡೆದದ್ದು ಎರಡನೆಯ ದಿನ. ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ತುದಿಗೆ ಕೂತಿದ್ದ ಪತ್ನಿಯ ಬಳಿಗೆ ಹೋಗಿ, ನಾನೂ ನನ್ನ ಹೆಂಡತಿಯೂ ಅವರ ಕೈ ಹಿಡಿದು ಪ್ರಾರ್ಥಿಸಿದೆವು. ಪ್ರಾರ್ಥನೆಯ ಮೊದಲ ವಾಕ್ಯದಲ್ಲೇ ನಾನು, ಕರ್ತನೇ, ಈ ಸಂಭವಕ್ಕಾಗಿ ನಿನಗೆ ಸ್ತೋತ್ರ ಎಂದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಕಣ್ಣು ಮುಚ್ಚಿದ್ದರೂ ಅದು ನನಗೆ ತಿಳಿಯಿತು, ತಿಳಿದೂ ಪ್ರಾರ್ಥನೆಯನ್ನು ಮುಂದುವರಿಸಿದೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಅವನ ಸಂಕಟವನ್ನು ಕಂಡು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕೂತಿದ್ದರು, ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ನಾನು ಆ ಬೆಂಚಿನ ಮೇಲೆ ಏಳು ನಿಮಿಷವೂ ಸುಮ್ಮನೆ ಕೂತಿರಲಿಲ್ಲ.

ಮೂರನೆಯ ದಿನ ಪತಿಯ ಬಾಯಿಂದ ಮೊದಲ ಮಾತು ಬಂತು. ಆ ಮಾತು ‘ಸ್ತೋತ್ರ’. ವಾರ್ಡಿನಲ್ಲಿದ್ದ ನಮ್ಮವರೆಲ್ಲ ಅತ್ತರು. ಆ ಭಾನುವಾರ ನಾನು ಅದನ್ನು ಸಭೆಯ ಮುಂದೆ ಹೇಳಿದೆ. ಎಲ್ಲ ಮಾತು ಹೋದರೂ ಈ ಒಂದು ಮಾತು ಉಳಿಯಿತು, ನಂಬಿಕೆಯೆಂದರೆ ಇದು, ಎಂದೆ. ಮುಂದಿನ ಎರಡು ವಾರ ಜನ ಗುಂಪುಗುಂಪಾಗಿ ಅವರನ್ನು ನೋಡಲು ಬಂದರು. ಕೆಲವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋದರು.

ಆದರೆ ಅವರು ನೀರು ಬೇಕಾದಾಗಲೂ ‘ಸ್ತೋತ್ರ’ ಎನ್ನುತ್ತಿದ್ದರು. ಮಗನನ್ನು ಕರೆಯಲೂ, ಫ್ಯಾನ್ ಹಾಕಿಸಲೂ, ಮೂತ್ರಕ್ಕೆ ಹೋಗಬೇಕೆಂದು ತಿಳಿಸಲೂ ಅದೇ ಮಾತು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತಿನ ಶಕ್ತಿ ಕುಂದುವ ಈ ಸ್ಥಿತಿಗೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ವರ್ಣಿಸಿದ ಪ್ರಸಿದ್ಧ ರೋಗಿಯೊಬ್ಬನು ಯಾವ ಪ್ರಶ್ನೆಗೂ ‘ಟಾನ್’ ಎಂಬ ಒಂದೇ ಉಚ್ಚಾರದಿಂದ ಉತ್ತರಿಸುತ್ತಿದ್ದನು. ಹೊಸದಾಗಿ ವಾಕ್ಯ ಕಟ್ಟಿ ಆಡುವ ಮಾತು ಬೇರೆ, ರೂಢಿಯಿಂದ ತಾನಾಗಿ ಹೊರಡುವ ಮಾತು ಬೇರೆ, ಮೊದಲನೆಯದು ಹೋದರೂ ಎರಡನೆಯದು ಉಳಿಯಬಹುದು ಎಂದು ಅದೇ ಶತಮಾನದಲ್ಲಿ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ತೋರಿಸಿದರು. ನಮಸ್ಕಾರ, ಬೈಗುಳ, ಬಾಯಿಪಾಠದ ಪ್ರಾರ್ಥನೆ ಇವೆಲ್ಲ ಆ ಎರಡನೆಯ ಬಗೆಯವು. ಮೂವತ್ತು ವರ್ಷ ದಿನಕ್ಕೆ ಹತ್ತಾರು ಸಲ ಆಡಿದ ‘ಸ್ತೋತ್ರ’ ಆ ಬಾಯಲ್ಲಿ ಉಳಿದದ್ದಕ್ಕೆ ಕಾರಣ ಇದು.

ಇದನ್ನು ನಾನು ವೈದ್ಯರಿಂದ ತಿಳಿಯುವ ಮೊದಲೇ ಪತ್ನಿ ಬದುಕಿನಿಂದ ತಿಳಿದಿದ್ದರು. ಒಂದು ಸಂಜೆ, ಮತ್ತೊಂದು ಗುಂಪು ಬಂದು ಹೋದ ಮೇಲೆ, ಆಕೆ ನನಗೆ ಹೇಳಿದ ಮಾತನ್ನು ಆದಷ್ಟೂ ಅವರ ಮಾತಿನಲ್ಲೇ ಬರೆಯುತ್ತೇನೆ: “ಅಯ್ಯನವರೇ, ನಿನ್ನೆ ರಾತ್ರಿ ಹಾಸಿಗೆ ಒದ್ದೆ ಆತು. ಸಿಟ್ಟಿಗೆ ಗೋಡೆಗೆ ತಲೆ ಚಚ್ಚಿಕೊಂಡ್ರು. ಚಚ್ಚಿಕೊಳ್ಳೋವಾಗಲೂ ಸ್ತೋತ್ರ, ಸ್ತೋತ್ರ ಅಂತಾನೇ ಚಚ್ಚಿಕೊಂಡ್ರು. ಅದನ್ನೂ ಸಭೆಯಾಗೆ ಹೇಳ್ತೀರೇನು?”

ನನಗೆ ಉತ್ತರ ಇರಲಿಲ್ಲ. ಒಬ್ಬ ಮನುಷ್ಯನಿಗೆ ಬೇರೆ ಮಾತೇ ಇಲ್ಲದಿರುವುದನ್ನು ನಾನು ಅವನ ಸಾಕ್ಷಿಯೆಂದು ಸಾರಿದ್ದೆ. ಅವರು ದೇವರನ್ನು ಸ್ತುತಿಸಲು ಆರಿಸಿಕೊಂಡಿರಲಿಲ್ಲ, ಆರಿಸಿಕೊಳ್ಳುವ ಸಾಮರ್ಥ್ಯವೇ ಆಗ ಅವರಲ್ಲಿ ಇರಲಿಲ್ಲ. ಮುಂದಿನ ಭಾನುವಾರ ನಾನು ಸಭೆಯ ಮುಂದೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಅದು ಕೆಲವರಿಗೆ ಹಿಡಿಸಲಿಲ್ಲ.

ಹಾಡು ಕೇಳಿದವರು ಯಾರು

ಆ ಸಂಜೆಯಿಂದ ಪತ್ನಿ ಹಾಡುವುದನ್ನು ನಿಲ್ಲಿಸಿದರು. ಆರಾಧನೆಗೆ ಬರುತ್ತಿದ್ದರು, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಎಲ್ಲರೂ ಎದ್ದು ಹಾಡುವಾಗ ಎದ್ದು ನಿಂತು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಸ್ತ್ರೀಯರ ಕೂಟದಲ್ಲಿ ಯಾರೋ, ಅಕ್ಕಾ, ಇಂಥ ಹೊತ್ತಿನಲ್ಲೇ ಸ್ತೋತ್ರ ಹಾಡಬೇಕು, ಪೌಲ ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಲಿಲ್ಲವೇ ಎಂದರಂತೆ. ಈ ಮಾತು ನನ್ನ ಕಿವಿಗೆ ಬಿದ್ದು, ಸಮಾಧಾನ ಹೇಳಲು ಹೋದಾಗ, ಆಕೆ ನನಗೊಂದು ಪ್ರಶ್ನೆ ಕೇಳಿದರು. ಬೈಬಲಿನ 137ನೆಯ ಕೀರ್ತನೆಯಲ್ಲಿ, ಬಾಬೆಲಿನ ನದಿಗಳ ಬಳಿ ಕೂತು ಅತ್ತವರಿಗೆ ಚೀಯೋನಿನ ಹಾಡು ಹಾಡಿ ಎಂದು ಕೇಳಿದವರು ಯಾರು? ಸೆರೆಹಿಡಿದವರು. “ಸೆರೆಯಾಗಿದ್ದೋರು ತಾವಾಗೇ ಹಾಡಿದ್ದು ಬೇರೆ, ಹಿಡಿದೋರು ಹಾಡಿಸಿದ್ದು ಬೇರೆ, ಹೌದಲ್ಲೋ ಅಯ್ಯನವರೇ?” ಎಂದರು. ಫಿಲಿಪ್ಪಿಯಲ್ಲಿ ಸೆರೆಮನೆಯ ಅಧಿಕಾರಿ ಬಂದು ಹಾಡಿರೆಂದು ಯಾರಿಗೂ ಹೇಳಿರಲಿಲ್ಲ. ನಾನು ದೈವಶಾಸ್ತ್ರ ಓದಿದವನು, ಈ ಎರಡು ಭಾಗಗಳನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟು ಎಂದೂ ನೋಡಿರಲಿಲ್ಲ.

ಆ ದಿನದಿಂದ ನಾನು ಗ್ರಂಥವನ್ನು ಮತ್ತೆ ಬಿಚ್ಚಿ ಕೂತೆ. ಕಾರಿಡಾರಿನಲ್ಲಿ ನಾನು ಬಳಸಿದ ಮಾತಿಗೆ ಆಧಾರವೆಂದು ನಾವು ಸಾಮಾನ್ಯವಾಗಿ ತೋರಿಸುವುದು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯ 5:18. ಅಲ್ಲಿರುವುದು ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂಬ ಬುದ್ಧಿಮಾತು. ಗ್ರೀಕಿನಲ್ಲೂ ಅದು ‘ಎಲ್ಲದರ ಒಳಗೆ’ ಎಂಬ ಅರ್ಥ ಕೊಡುವ ಮಾತೇ. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಅದು ಸಪ್ತಮಿ ವಿಭಕ್ತಿ. ನಾನು ಪ್ರಾರ್ಥನೆಯಲ್ಲಿ ಅದನ್ನು ಚತುರ್ಥಿ ಮಾಡಿಬಿಟ್ಟಿದ್ದೆ, ‘ಇದರಲ್ಲಿ’ ಎನ್ನಬೇಕಾದಲ್ಲಿ ‘ಇದಕ್ಕಾಗಿ’ ಎಂದಿದ್ದೆ. ಎರಡಕ್ಷರದ ವ್ಯತ್ಯಾಸ ಎನಿಸಬಹುದು, ಆದರೆ ಗಂಡನಿಗೆ ಲಕ್ವ ಹೊಡೆದು ಎರಡು ದಿನವಾದ ಹೆಂಗಸಿಗೆ ಆ ಎರಡು ವಿಭಕ್ತಿಗಳ ನಡುವೆ ಒಂದು ಹೊಳೆಯಷ್ಟು ಅಂತರವಿರುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯ 5:20ರಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಸ್ತೋತ್ರಮಾಡಿರಿ ಎಂದೂ ಇದೆಯಲ್ಲ ಎಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಇದೆ, ಅದನ್ನು ಅಳಿಸಲು ನನಗೆ ಅಧಿಕಾರವಿಲ್ಲ. ವರ್ಷಗಳ ಮೇಲೆ ಹಿಂದಿರುಗಿ ನೋಡಿ, ತನ್ನ ಪಾಲಿಗೆ ಬಂದ ಕಷ್ಟಕ್ಕಾಗಿಯೂ ಸ್ತೋತ್ರ ಎಂದು ಒಬ್ಬ ವಿಶ್ವಾಸಿಯು ತಾನೇ ಹೇಳಿದರೆ ನಾನು ತಲೆಬಾಗಿಸಿ ಕೇಳುತ್ತೇನೆ. ಆದರೆ ಆ ವಾಕ್ಯವನ್ನು ಕಷ್ಟಪಡುತ್ತಿರುವವರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೀರ್ತನೆಗಳ ಗ್ರಂಥಕ್ಕೆ ಹೀಬ್ರೂ ಭಾಷೆಯಲ್ಲಿ ‘ತೆಹಿಲ್ಲೀಮ್’ ಎಂದು ಹೆಸರು, ಅಂದರೆ ಸ್ತುತಿಗಳು. ಸ್ತುತಿಗಳೆಂಬ ಹೆಸರಿನ ಆ ಗ್ರಂಥದ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಾಟ, ಮೊರೆ, ಎಷ್ಟರವರೆಗೆ ಎಂಬ ಪ್ರಶ್ನೆ. ಹೆಚ್ಚಿನವು ಕೊನೆಗೆ ಭರವಸೆಯ ಕಡೆಗೆ ತಿರುಗುತ್ತವೆ. 88ನೆಯದು ಮಾತ್ರ ತಿರುಗುವುದೇ ಇಲ್ಲ, ಮೂಲದಲ್ಲಿ ಅದರ ಕೊನೆಯ ಪದವೇ ‘ಕತ್ತಲೆ’. ಆ ಗ್ರಂಥವನ್ನು ಒಟ್ಟುಮಾಡಿದವರು ಅದನ್ನು ಸ್ತುತಿಗಳ ಸಾಲಿನಿಂದ ತೆಗೆದುಹಾಕಲಿಲ್ಲ. ಕೊಟ್ಟವನೂ ತೆಗೆದುಕೊಂಡವನೂ ಯೆಹೋವನೇ, ಆತನ ನಾಮಕ್ಕೆ ಸ್ತೋತ್ರವಾಗಲಿ ಎಂಬ ಯೋಬನ ಮಾತನ್ನು ನಾವು ಪ್ರತಿ ಸಾವಿನ ಮನೆಯಲ್ಲೂ ಓದುತ್ತೇವೆ. ಅದು 42 ಅಧ್ಯಾಯಗಳ ಆ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಮೂರನೆಯ ಅಧ್ಯಾಯದಲ್ಲಿ ಅದೇ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ಅದನ್ನು ನಾವು ಓದುವುದಿಲ್ಲ. ಕೊನೆಯಲ್ಲಿ ದೇವರು, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ನೀವಲ್ಲ ಎಂದು ಸ್ನೇಹಿತರ ಮೇಲೆ ಕೋಪಗೊಳ್ಳುತ್ತಾನೆ. ಆ ಸ್ನೇಹಿತರು ಆಡಿದ್ದೆಲ್ಲ ದೇವರ ಪರವಾದ ಮಾತುಗಳೇ ಆಗಿದ್ದವು.

ಮೇಲೆ ಹೇಳಿದ ಹಿರಿಯರು ಇದನ್ನೂ ಒಪ್ಪಲಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರು ಗುಣುಗುಟ್ಟಿದಾಗ ದೇವರು ಸಹಿಸಿದನೇ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು, ನಾನು ಕೆಲವು ದಿನ ಅದನ್ನು ಹೊತ್ತು ತಿರುಗಿದೆ. ಗುಣುಗುಟ್ಟುವಿಕೆಯು ದೇವರಿಗೆ ಬೆನ್ನು ಹಾಕಿ ಒಬ್ಬರಿಗೊಬ್ಬರು ಆಡಿಕೊಳ್ಳುವ ಮಾತು, ಮೊರೆಯಾದರೋ ಆತನ ಮುಖಕ್ಕೇ ಆಡುವ ಮಾತು ಎಂದು ನನಗೆ ತೋರಿತು. ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ನಿಂತ ಆ ಹೆಂಗಸು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಹೀಗಾಗಿ ನಾನು ಅವರ ಮನೆಗೆ ಹೋಗುವ ರೀತಿಯನ್ನು ಬದಲಿಸಿದೆ. ವಾರಕ್ಕೊಮ್ಮೆ ಹೋಗಿ, ಅವರು ಬಯಸಿದರೆ ಒಂದು ಕೀರ್ತನೆಯನ್ನು ಓದಿ, ಅದಕ್ಕೆ ವಿವರಣೆ ಕೊಡದೆ, ಚಹಾ ಕುಡಿದು ಬರುತ್ತಿದ್ದೆ. 13ನೆಯ ಕೀರ್ತನೆಯನ್ನು ಆಕೆ ಮತ್ತೆ ಮತ್ತೆ ಓದಿಸಿದರು. ಆರೇ ವಚನಗಳ ಕೀರ್ತನೆ ಅದು. ಮೊದಲ ನಾಲ್ಕು ವಚನ ಮೊರೆ, ಐದು ಆರರಲ್ಲಿ ಭರವಸೆ, ಹಾಡು. “ನಾಲ್ಕಕ್ಕೆ ನಿಲ್ಸ್ರಿ” ಎನ್ನುತ್ತಿದ್ದರು. ನಿಲ್ಲಿಸುತ್ತಿದ್ದೆ.

ನನಗಿಂತ ಚೆನ್ನಾಗಿ ಅವರನ್ನು ನೋಡಿಕೊಂಡವರು ಇಬ್ಬರಿದ್ದರು. ಒಬ್ಬರು ಪಕ್ಕದ ಮನೆಯ ಲಿಂಗಾಯತ ಅಜ್ಜಿ. ನಾಲ್ಕು ತಿಂಗಳು, ಸಂಜೆ ದೀಪ ಹಚ್ಚುವ ಹೊತ್ತಿಗೆ, ಜೋಳದ ರೊಟ್ಟಿಯ ಬುಟ್ಟಿಯನ್ನು ಹೊಸ್ತಿಲ ಒಳಗಿಟ್ಟು, “ಉಣ್ರವ್ವಾ” ಎಂದಷ್ಟೇ ಹೇಳಿ ಹೋಗುತ್ತಿದ್ದರು. ಇನ್ನೊಬ್ಬರು ಹೊಲಿಗೆಗೆ ಬಟ್ಟೆ ಕೊಡುತ್ತಿದ್ದ ಕಥೋಲಿಕ ಮಹಿಳೆ, ಆಕೆಯನ್ನು ಒಂದೆರಡು ಸಲ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ, ಆರೋಗ್ಯಮಾತೆಯ ಬಸಿಲಿಕಕ್ಕೆ ಕರೆದುಕೊಂಡು ಹೋದರು. ನಮ್ಮ ಸಭೆಯ ಪದ್ಧತಿ ಅದಲ್ಲ, ಹಾಗೆಂದು ಕೆಲವರು ಆಕ್ಷೇಪಿಸಿದರು ಕೂಡ. ಅಲ್ಲಿ ಏನು ಮಾಡಿದಿರಿ ಎಂದು ನಾನು ಕೇಳಿದಾಗ ಆಕೆ, ಸುಮ್ಮನೆ ಕೂತಿದ್ದೆ, ಅಲ್ಲಿ ಯಾರೂ ನನ್ನನ್ನು ಏನೂ ಹೇಳು ಅನ್ನಲಿಲ್ಲ ಎಂದರು.

ಎರಡನೆಯ ಮಾತು

ಪತಿಯ ವಿಷಯಕ್ಕೆ ಮರಳುತ್ತೇನೆ. ಎರಡನೆಯ ತಿಂಗಳ ಕೊನೆಯಲ್ಲಿ ಒಂದು ರಾತ್ರಿ, ಮಗಳು ಓದುತ್ತ ಕೂತು ತನ್ನಷ್ಟಕ್ಕೆ ಹಳೆಯ ಕೀರ್ತನೆಯೊಂದನ್ನು ಗುನುಗುತ್ತಿದ್ದಾಗ, ಹಾಸಿಗೆಯಿಂದ ತಂದೆಯ ದನಿ ಸೇರಿಕೊಂಡಿತು. ರಾಗ ಮಾತ್ರವಲ್ಲ, ಪದಗಳೂ ಬಂದವು. ನೀರು ಎನ್ನಲು ಬಾರದ ಬಾಯಲ್ಲಿ ಒಂದು ಚರಣ ಪೂರ್ತಿ ಬಂತು.

ಇದನ್ನು ಪವಾಡವೆಂದು ಸಾರಲು ಈ ಸಲ ನಾನು ಹೊರಡಲಿಲ್ಲ, ಏಕೆಂದರೆ ಇದು ಬಹಳ ಹಿಂದಿನಿಂದ ಬಲ್ಲ ಸಂಗತಿ. ಬಲಮೈ ಸ್ವಾಧೀನ ತಪ್ಪಿ, ಮಾತು ಹೋಗಿದ್ದ ವ್ಯಕ್ತಿಯೊಬ್ಬನು ತಾನು ಕಾಯಿಲೆಗೆ ಮೊದಲು ಕಲಿತಿದ್ದ ಭಕ್ತಿಗೀತೆಗಳನ್ನು ಮಾತ್ರ ಆರೋಗ್ಯವಂತರಂತೆ ಸ್ಪಷ್ಟವಾಗಿ ಹಾಡುತ್ತಿದ್ದುದನ್ನು ಸ್ವೀಡನ್ ದೇಶದ ಓಲೊಫ್ ಡಾಲಿನ್ 1745ರಲ್ಲೇ ದಾಖಲಿಸಿದ್ದಾರೆ. ಈ ಸಾಮರ್ಥ್ಯವನ್ನೇ ಹಿಡಿದುಕೊಂಡು, ದಿನಬಳಕೆಯ ಚಿಕ್ಕ ಮಾತುಗಳನ್ನು ಎರಡು ಸ್ವರಗಳ ಏರಿಳಿತದಲ್ಲಿ ಹಾಡಿಸುತ್ತ, ಎಡಗೈಯಿಂದ ತಾಳ ತಟ್ಟಿಸುತ್ತ, ಕ್ರಮೇಣ ಹಾಡನ್ನು ಮಾತಿಗೆ ಇಳಿಸುವ ಚಿಕಿತ್ಸೆಯೊಂದನ್ನು 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ತಜ್ಞರು ರೂಪಿಸಿದರು. ಇದರಲ್ಲಿ ಕೆಲಸ ಮಾಡುವುದು ರಾಗಕ್ಕಿಂತ ಲಯ ಮತ್ತು ಮಾತಿನ ರೂಢಿ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಕುಟುಂಬದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬಂದರು, ಆಮೇಲೆ ಊರಲ್ಲೇ ಒಬ್ಬ ಚಿಕಿತ್ಸಕರ ಬಳಿ ಅಭ್ಯಾಸ ಮುಂದುವರಿಯಿತು. ಹಾಡಿನ ಚರಣಗಳು ತಾನಾಗಿ ಬರುತ್ತವೆ, ಅವುಗಳಿಂದ ಬದುಕು ನಡೆಯುವುದಿಲ್ಲ, ಮೊದಲು ‘ಬೇಕು’, ‘ಬೇಡ’ ಬರಬೇಕು ಎಂದು ಆ ಚಿಕಿತ್ಸಕರು ಹೇಳಿದರು. ಯಾವುದನ್ನೇ ಕೊಡುವಾಗಲೂ ಬೇಕಾ, ಬೇಡವಾ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು, ಊಹಿಸಿ ಕೊಟ್ಟುಬಿಡಬಾರದು ಎಂದು ಮನೆಯವರಿಗೆ ಕಟ್ಟುನಿಟ್ಟಾಗಿ ತಿಳಿಸಿದರು.

ಮೊದಲು ಬಂದದ್ದು ‘ಬೇಡ’. ಆರನೆಯ ತಿಂಗಳಲ್ಲಿ, ಎರಡನೆಯ ಸಲ ಮುದ್ದೆ ಹಾಕಲು ಹೋದ ಪತ್ನಿಯ ಕೈಯನ್ನು ಎಡಗೈಯಿಂದ ತಡೆದು, ಎರಡು ಸ್ವರದಲ್ಲಿ, ಹಾಡಿದ ಹಾಗೆ, ಬೇ–ಡ ಎಂದರು. ಮನೆಯವರೆಲ್ಲ ಊಟ ಬಿಟ್ಟು ನಕ್ಕರು, ಅತ್ತರು. ಆ ಮಾತನ್ನು ಪತ್ನಿ ನನಗೆ ಫೋನು ಮಾಡಿ ತಿಳಿಸಿದ ಸಂತೋಷವನ್ನು, ‘ಸ್ತೋತ್ರ’ ಎಂಬ ಮೊದಲ ಮಾತಿನ ದಿನ ನಾನು ಅವರಲ್ಲಿ ಕಂಡಿರಲಿಲ್ಲ.

ಅದೇ ತಿಂಗಳು ಸಭೆಯಲ್ಲಿ ಸುಗ್ಗಿಯ ಹಬ್ಬ. ಬೇರೆ ಊರಿನಿಂದ ಬಂದಿದ್ದ ಪ್ರಸಂಗಿಯೊಬ್ಬರು ಪತಿಯ ಕಥೆಯನ್ನು ಹಿಂದೆ ಕೇಳಿದ್ದರು. ಅವರನ್ನು ವೀಲ್‌ಚೇರಿನಲ್ಲಿ ಮುಂದಕ್ಕೆ ಕರೆಸಿ, ಮೈಕನ್ನು ಬಾಯಿಯ ಬಳಿ ಹಿಡಿದು, ಸಹೋದರರೇ, ಆ ಒಂದು ಮಾತು ಹೇಳಿ ಎಂದರು. ಸಭೆ ಕಾದಿತು. ಅವರು ಮೈಕನ್ನು ನೋಡಿದರು, ಹಿಂದಿನ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದರು, “ಬೇಡ” ಎಂದರು. ಮತ್ತೊಮ್ಮೆ ಕೇಳಿದಾಗ ಮತ್ತೊಮ್ಮೆ ಅದನ್ನೇ ಹೇಳಿದರು. ಹಬ್ಬದ ಊಟದಲ್ಲಿ ಇದೇ ಮಾತು. ನಂಬಿಕೆ ತಣ್ಣಗಾಗಿದೆ ಎಂದವರಿದ್ದರು, ಸೈತಾನನ ಕೆಲಸ ಎಂದವರೂ ಇದ್ದರು. ನನಗೆ ಅನಿಸಿದ್ದು ಬೇರೆ. ಬೇಡ ಎನ್ನಬಲ್ಲವನು ಮಾತ್ರ ಇನ್ನು ಮೇಲೆ ಸ್ತೋತ್ರ ಎಂದರೆ ಅದು ಅವನ ಸ್ವಂತ ಮಾತಾಗುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಕರ್ತನಾದ ಯೇಸು ಮಾಡಿದ ಪ್ರಾರ್ಥನೆಯಲ್ಲೂ, ಈ ಪಾತ್ರೆಯು ನನ್ನನ್ನು ಬಿಟ್ಟುಹೋಗಲಿ ಎಂಬ ‘ಬೇಡ’ ಮೊದಲು ಬರುತ್ತದೆ, ನಿನ್ನ ಚಿತ್ತವೇ ಆಗಲಿ ಎಂಬುದು ಅದರ ಬೆನ್ನಿಗೆ ಬರುತ್ತದೆ. ಅದಕ್ಕೂ ಸ್ವಲ್ಪ ಮೊದಲು, ಪಸ್ಕದ ಊಟ ಮುಗಿಸಿ, ಆತನೂ ಶಿಷ್ಯರೂ ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೊರಟರೆಂದು ಮತ್ತಾಯನು ಬರೆದಿದ್ದಾನೆ. ಪಸ್ಕದ ರಾತ್ರಿ ಯೆಹೂದ್ಯರು ಹಾಡುವುದು 113ರಿಂದ 118ರವರೆಗಿನ ಸ್ತುತಿಯ ಕೀರ್ತನೆಗಳನ್ನು. ಸ್ತುತಿ ಹಾಡಿದ ಅದೇ ಬಾಯಿ, ಅದೇ ರಾತ್ರಿ, ಪಾತ್ರೆಯನ್ನು ಬೇಡವೆಂದಿತು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಪತ್ನಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಎಲ್ಲಕ್ಕೂ ಕೇಳಿ ಕೊಡುವ ಅಭ್ಯಾಸ ಬೆಳೆದ ಮೇಲೆ, ರಾತ್ರಿಯ ಕುಟುಂಬ ಪ್ರಾರ್ಥನೆಯನ್ನೂ ಕೇಳದೆ ಮಾಡಬಾರದೆಂದು ಆಕೆಗೆ ತೋಚಿತು. ಊಟವಾದ ಮೇಲೆ ಬೈಬಲ್ ಕೈಯಲ್ಲಿ ಹಿಡಿದು, “ಪ್ರಾರ್ಥನೆ ಬೇಕೇನ್ರಿ, ಬೇಡವಾ?” ಎಂದು ಕೇಳಿದರು. ಅವರು ಬೇಡ ಎಂದರು. ಆಕೆ ಮರುಮಾತಾಡದೆ ಬೈಬಲನ್ನು ಕಪಾಟಿನ ಮೇಲಿಟ್ಟು ಮಲಗಿದರು. ಮರುದಿನವೂ ಹಾಗೆಯೇ. ಹನ್ನೊಂದು ರಾತ್ರಿ ಬೇಡ ಎಂದರಂತೆ, ಆಕೆ ಎಣಿಸಿದ್ದರು. ಮಗ ಮೂರನೆಯ ದಿನವೇ ಅಳುಮುಖ ಮಾಡಿ, ನಾನಾದರೂ ಮಾಡಲಾ ಎಂದು ಕೇಳಿದ್ದನಂತೆ; ನಿನಗೆ ಬೇಕಾದರೆ ಮಾಡಪ್ಪ, ಅಪ್ಪನ ಪಾಲಿಂದು ಮಾಡಬೇಡ ಎಂದರಂತೆ. ಹನ್ನೆರಡನೆಯ ರಾತ್ರಿ ಅವರು ಬಹಳ ಹೊತ್ತು ಸುಮ್ಮನಿದ್ದು, ಬೇಕು ಎಂದರು. ಕೀರ್ತನೆ ಓದಿಯಾದ ಮೇಲೆ, ಹಾಡಿನಲ್ಲಲ್ಲ, ಮಾತಿನಲ್ಲಿ, ‘ಸ್ತೋತ್ರ’ ಎಂದರು. ಆರು ತಿಂಗಳು ಆ ಮಾತು ಹೊರಡುತ್ತಿದ್ದುದು ದಡಬಡ ಓಡುವ ಹಾಗೆ, ಒಂದರ ಮೇಲೊಂದು. ಆ ರಾತ್ರಿ ಒಂದೇ ಸಲ, ನಿಧಾನವಾಗಿ, ಕೊನೆಯ ಅಕ್ಷರವನ್ನು ಎಚ್ಚರದಿಂದ ಇಳಿಸಿ ಹೇಳಿದರಂತೆ. ಎರಡರ ವ್ಯತ್ಯಾಸ ನಿಮಗೆ ಹೇಗೆ ತಿಳಿಯಿತು ಎಂದು ನಾನು ಕೇಳಿದೆ. “ಹೇಳಿ ಆದಮೇಲೆ ನನ್ನ ಮುಖ ನೋಡಿದ್ರು ಅಯ್ಯನವರೇ, ನನಗೆ ಗೊತ್ತಾತೋ ಇಲ್ಲೋ ಅಂತ” ಎಂದರು.

ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ‘ಸ್ತೋತ್ರಯಜ್ಞ’ ಎಂಬ ಪದವಿದೆ. ಯಜ್ಞವೆಂದರೆ ತನ್ನದಾದದ್ದನ್ನು ಕೊಡುವುದು. ಬೇರೆ ಮಾತೇ ಇಲ್ಲದವನ ಒಂದು ಮಾತನ್ನು ನಾವು ಕಸಿದುಕೊಂಡು ಬಲಿಪೀಠದ ಮೇಲೆ ಇಟ್ಟಿದ್ದೆವು. ಎರಡು ಮಾತುಗಳಿದ್ದು, ಅವುಗಳಲ್ಲಿ ಒಂದನ್ನು ಆರಿಸಿ ಅವರು ತಾವೇ ತಂದಿಟ್ಟದ್ದು ಆ ಹನ್ನೆರಡನೆಯ ರಾತ್ರಿ.

ಈಗಿನ ಸ್ಥಿತಿ

ಇದೆಲ್ಲ ಆಗಿ ಮೂರು ವರ್ಷಗಳು ಕಳೆದಿವೆ. ಬಲಗೈ ಮರಳಲಿಲ್ಲ, ಲೇತ್ ಕೆಲಸಕ್ಕೆ ಅವರು ಮರಳುವುದಿಲ್ಲ. ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯುತ್ತಾರೆ. ಮೂರು ನಾಲ್ಕು ಪದಗಳ ವಾಕ್ಯಗಳನ್ನು ಕಟ್ಟುತ್ತಾರೆ, ಆಯಾಸವಾದಾಗ ಹಳೆಯ ಒಂದೇ ಮಾತು ಮತ್ತೆ ನುಗ್ಗುತ್ತದೆ. ಸ್ತೋತ್ರದಿಂದ ಲಕ್ವ ವಾಸಿಯಾಯಿತು ಎಂದು ಯಾರಾದರೂ ಈ ಪ್ರಕರಣವನ್ನು ಬಳಸಿದರೆ ಅದು ಸುಳ್ಳಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಸೇರಿದೆ, ಅದರ ವಿವರಣೆಯಲ್ಲಿ ಅಫೇಸಿಯಾವನ್ನು ಹೆಸರಿಸಲಾಗಿದೆ. ಆ ಗುರುತಿನ ಚೀಟಿಗಾಗಿ ನಾನೂ ಅವರ ಮಗಳೂ ನಾಲ್ಕು ಸಲ ಕಚೇರಿ ಅಲೆದೆವು. ಅದು ಪ್ರಾರ್ಥನೆಗಿಂತ ಕೀಳಾದ ಕೆಲಸವೆಂದು ನನಗೆ ಒಮ್ಮೆಯೂ ಅನಿಸಲಿಲ್ಲ.

ಹಾರ್ಮೋನಿಯಂ ಈಗ ನಿಟುವಳ್ಳಿಯ ಕೋಣೆಯಲ್ಲಿದೆ. ತಂದೆ ಎಡಗೈಯಿಂದ ತಿದಿ ಒತ್ತುತ್ತಾರೆ, ಮಗಳು ಎದುರು ಬದಿಯಿಂದ ಬಗ್ಗಿ ಮನೆಗಳನ್ನು ನುಡಿಸುತ್ತಾಳೆ. ಯಾವ ಹಾಡು ಎಂಬುದನ್ನು ಅವರೇ ಹೇಳುತ್ತಾರೆ, ಆಕೆ ಬೇರೆ ಶುರುಮಾಡಿದರೆ ತಿದಿ ನಿಲ್ಲಿಸುತ್ತಾರೆ. ನಮ್ಮ ಸಭೆಯಲ್ಲಿ ರೋಗಿಗಳ ಭೇಟಿಗೆ ಹೋಗುವವರಿಗೆ ಒಂದು ನಿಯಮ ಮಾಡಿದ್ದೇವೆ. ಪ್ರಾರ್ಥನೆ ಬೇಕೇ ಎಂದು ರೋಗಿಯನ್ನೂ ಮನೆಯವರನ್ನೂ ಕೇಳಬೇಕು, ಬೇಡ ಎಂದರೆ ಸುಮ್ಮನೆ ಕೂತು ಬರಬೇಕು. ಹಿರಿಯರು ಇದಕ್ಕೆ ಸಹಿ ಹಾಕಿದ್ದು ಎರಡನೆಯ ಸಭೆಯಲ್ಲಿ.

ಪತ್ನಿ ಮತ್ತೆ ಹಾಡುತ್ತಾರೆ, ಎಲ್ಲ ಹಾಡುಗಳನ್ನೂ ಅಲ್ಲ. ಕಳೆದ ವಾರ ಹೋದಾಗ ಹೊಲಿಗೆ ಯಂತ್ರದ ಮೇಲೆ ಬೈಬಲ್ ತೆರೆದೇ ಇತ್ತು, 13ನೆಯ ಕೀರ್ತನೆ. ಈಗ ಪೂರ್ತಿ ಓದುತ್ತೀರಾ ಎಂದು ಕೇಳಿದೆ. ಕೆಲವು ದಿನ ಆರರವರೆಗೂ ಹೋಗುತ್ತೇನೆ, ಕೆಲವು ದಿನ ನಾಲ್ಕಕ್ಕೇ ನಿಲ್ಲಿಸುತ್ತೇನೆ ಎಂದರು. ಆ ದಿನ ಎಲ್ಲಿಗೆ ನಿಲ್ಲಿಸಿದ್ದರೆಂದು ನಾನು ಕೇಳಲಿಲ್ಲ.